ನಲವತ್ತು ನಿಮಿಷದ ದಾರಿ

“ಎಂಟನೇ ಕ್ಲಾಸ್ ದಾಟದವನು ವಿಮಾನದ ಟೈಮ್ ಹೇಳ್ತಾನೆ, ಕೇಳ್ರಪ್ಪ! ಟೂರಿಸ್ಟ್‌ಗಳನ್ನ ಜೀಪಲ್ಲಿ ಸುತ್ತಿಸಿ ಸುತ್ತಿಸಿ ಇವನ ತಲೆನೂ ತಿರುಗಿದೆ.”

ಬೊಳ್ಳಪ್ಪ ಮಾವ ಅಂಗಳದಲ್ಲಿ ಇಡೀ ಊರಿನೆದುರು ನನ್ನತ್ತ ಕೈ ತೋರಿಸಿ ಹೀಗೆಂದಾಗ ಒಳಗೆ ಅವ್ವನ ಹೆಣವಿತ್ತು. ಇಬ್ಬರು ನಕ್ಕರು. ಸಾವಿನ ಮನೆಯಲ್ಲಿ ನಕ್ಕರು!

ಅವ್ವ ತೀರಿಕೊಂಡದ್ದು ಮಧ್ಯಾಹ್ನ. ಕತ್ತಲಾಗುವ ಮೊದಲೇ ಮಣ್ಣು ಮಾಡಬೇಕೆಂದು ಮಾವನ ಹಠ. ತಮ್ಮ ತೇಜಸ್ ಬಂದು ಅವಳ ಮುಖ ನೋಡಲೇಬೇಕೆಂದು ನನ್ನದು. ಅವನು ಕಾರ್ಗಿಲ್‌ನಲ್ಲಿ ರಸ್ತೆ ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತಷ್ಟೆ.

“ಈಗಲೇ ಒಂದು ಜೀಪು ಲೇಹ್‌ಗೆ ಹೊರಡ್ತಿದೆ, ಅಣ್ಣ. ಆರು ಗಂಟೆ ದಾರಿಯಂತೆ. ಹತ್ಲಾ?” ಎಂದು ಫೋನಿನಲ್ಲಿ ಅಳುತ್ತಾ ಕೇಳಿದ್ದ.

ರಾತ್ರಿ ಹೊತ್ತು ಘಾಟಿ ದಾರಿ ಎಂದರೇನೆಂದು ನನಗೆ ಗೊತ್ತು. ಅಲ್ಲಿ ಹಿಮ ಬೇರೆ. ಫೋನಿನಲ್ಲಿ ಹುಡುಕಿದೆ. ಕಾರ್ಗಿಲ್ ಏರ್‌ಪೋರ್ಟಿನಿಂದ ಲೇಹ್ ಏರ್‌ಪೋರ್ಟಿಗೆ ಸುಮಾರು ನೂರ ನಲವತ್ತು ಕಿಲೋಮೀಟರ್, ಹಾರಾಟ ನಲವತ್ತು ನಿಮಿಷ.

“ಜೀಪು ಹತ್ಬೇಡ. ಬೆಳಿಗ್ಗೆ ಏರ್‌ಪೋರ್ಟಿಗೆ ಹೋಗು,” ಅಂದೆ.

ಲೇಹ್‌ನಿಂದ ದೆಹಲಿ, ದೆಹಲಿಯಿಂದ ಕಣ್ಣೂರು, ಮಾಕುಟ್ಟ ಘಾಟಿ ಹತ್ತಿದರೆ ನಾಳೆ ಸಂಜೆಗೆ ನಮ್ಮೂರು ಕಕ್ಕಬೆ. ಅದನ್ನೇ ಮಾವನಿಗೆ ಹೇಳಿದ್ದು, ಅದಕ್ಕೇ ಆ ಮಾತು.

ತಂಗಿ ಬೆಳ್ಳಿ ಬಾಗಿಲಿಗೆ ಬಂದಳು. “ಒಂದು ದಿನ ಇರ್ಲಿ ಮಾವ. ಅವ್ವ ಕೊನೆವರೆಗೂ ಅವನ ಹೆಸರೇ ಹೇಳ್ತಿದ್ದದ್ದು.”

ಮಾವ ತಲೆ ಕೊಡವಿ ಕುಳಿತ. ನಾನು ಗೋಣಿಕೊಪ್ಪಲಿಗೆ ಜೀಪು ಓಡಿಸಿ ಮೀನಿನಂಗಡಿಯಿಂದ ಐಸು ತಂದು ಅವ್ವನ ಸುತ್ತ ಜೋಡಿಸಿದೆ. ಬೆಳಗಾಗುವಷ್ಟರಲ್ಲಿ ಅದು ಅರ್ಧ ಕರಗಿ, ನೀರು ಹೊಸಿಲು ದಾಟಿ ಬಂದಿತ್ತು. ಜನ ಮೂಗಿಗೆ ಬಟ್ಟೆ ಹಿಡಿಯತೊಡಗಿದ್ದರು.

ಎಂಟು ಗಂಟೆಗೆ ತೇಜಸ್ ಫೋನ್ ಮಾಡಿದ. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಅಣ್ಣ, ಗೇಟಲ್ಲಿ ನಿಂತಿದೀನಿ. ಇಲ್ಲಿಂದ ಲೇಹ್‌ಗೆ ವಿಮಾನವೇ ಇಲ್ವಂತೆ.”

“ಫೋನಲ್ಲಿ ಇದೆಯಲ್ಲೋ!”

“ಫೋನಲ್ಲಿ ಇರ್ಬಹುದು ಅಣ್ಣ. ಇಲ್ಲಿ ಇಲ್ಲ.”

ಫೋನಿನಲ್ಲಿ ಅದನ್ನು ಬರೆದ ಹಾಳಾದವರು ನಕ್ಷೆಯಲ್ಲಿ ಎರಡು ಊರಿನ ನಡುವೆ ಗೆರೆ ಎಳೆದು ಅಳೆದಿದ್ದರು. ಹಾರಿದರೆ ಎಷ್ಟು ಹೊತ್ತು ಎಂದು ಬರೆದಿದ್ದರೇ ಹೊರತು, ಹಾರುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಹಾಗೆ ಓದಿಕೊಂಡಿದ್ದು ನಾನು. ನಿನ್ನೆಯ ಜೀಪು ರಾತ್ರಿ ಹತ್ತಕ್ಕೇ ಲೇಹ್ ಮುಟ್ಟಿತಂತೆ. ಅದರಲ್ಲಿದ್ದವರು ಈಗ ದೆಹಲಿ ವಿಮಾನ ಹತ್ತುತ್ತಿದ್ದಾರಂತೆ.

“ಈಗ ಹೊರಟ್ರೆ ನಾಳೆ ಸಂಜೆ ಬರ್ತೀನಿ. ಅವ್ವನ್ನ ಅಲ್ಲಿವರೆಗೆ ಇಟ್ಕೊಂಡಿರ್ತೀರಲ್ಲ? ಅಣ್ಣ?”

ಯಾರೂ ನಗಲಿಲ್ಲ. ಬೊಳ್ಳಪ್ಪ ಮಾವ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

“ಮಾದ, ಗುಂಡಿ ತೋಡಿಸ್ಲಾ?” ಎಂದು ಮೆಲ್ಲಗೆ ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಣ್ಣ, ಕೇಳಿಸ್ತಿದ್ಯಾ?”

ಫೋನನ್ನು ಬೆಳ್ಳಿಯ ಕೈಗಿಟ್ಟೆ. ಮಾವನ ಕೈ ಸರಿಸಿ, ಜನರ ನಡುವೆ ದಾರಿ ಮಾಡಿಕೊಂಡು ಕಾಫಿ ತೋಟದೊಳಕ್ಕೆ ನಡೆದುಬಿಟ್ಟೆ.