ಒಂದೇ ಪೆಟ್ಟಿಗೆ, ಎರಡು ಪೂಲ್

ನಾಗಭೂಷಣನಿಗೆ ಅಕ್ಕ ಎಂದರೆ ಪ್ರಾಣ. ಆ ಅಕ್ಕ ಮಂಗಳಗೌರಿ ಕಾಮಾಲೆಗೆ ಸಿಕ್ಕಿ ಗುಬ್ಬಿಯ ಗಂಡನ ಮನೆಯಲ್ಲಿ ಕಣ್ಣು ಮುಚ್ಚಿದ ಮೇಲೆ ಅವಳ ದನಿ ಉಳಿದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ತೊಂಬತ್ತಾರರಲ್ಲಿ ತಮ್ಮನ ಮದುವೆಯ ಹಸೆಗೆ ಹಾಡಿದ ಸೋಬಾನೆ ಅದು. ನಡುವೆ ಹಾಡು ನಿಲ್ಲಿಸಿ, "ಏನ್ಲಾ ಭೂಷಣ, ತಲೆ ಎತ್ಲಾ! ಮದ್ಲಿಂಗಿತ್ತಿ ನೀನೋ ಅವ್ಳೋ?" ಎಂದು ರೇಗಿಸಿ ನಕ್ಕಿದ್ದಳು. ಅವರವ್ವ ಲಕ್ಷ್ಮೀದೇವಮ್ಮನಿಗೆ ಹಾಡಿಗಿಂತ ಆ ನಗುವೇ ಬೇಕು.

ಭೂಷಣ ತುಮಕೂರಿನ ಉಪ್ಪಾರಹಳ್ಳಿಯ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ. ಕುಣಿಗಲ್ಲಿನ ರಕ್ತಪರೀಕ್ಷೆಯ ಲ್ಯಾಬು, ಗುಬ್ಬಿಯ ಕೊಬ್ಬರಿ ಮಂಡಿ, ಎಲ್ಲರ ಲೆಕ್ಕಪತ್ರವೂ ಅಲ್ಲೇ. ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ ಸಾಫ್ಟ್‌ವೇರ್ ಕೈಚಳಕದಿಂದ ನಾಲ್ಕಾರು ವರ್ಚುವಲ್ ಯಂತ್ರಗಳು ಓಡುತ್ತಿದ್ದವು. ಅವುಗಳ ಫೈಲುಗಳೆಲ್ಲ ಮೂಲೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿ. ಕ್ಯಾಸೆಟ್ಟು ಸವೆಯುತ್ತಿದೆ ಎಂದು ಅಕ್ಕನ ಹಾಡನ್ನೂ ಅಲ್ಲಿಗೇ ಇಳಿಸಿದ. ಅವ್ವ ಸೋಮವಾರ ಸೋಮವಾರ ಆಫೀಸಿಗೆ ಬಂದು, ಹೆಡ್‌ಫೋನ್ ಹಾಕಿಸಿಕೊಂಡು ಕೇಳಿ ಹೋಗುವಳು. ಆಮೇಲೇ ಅವಳಿಗೆ ಊಟ.

"ನಾಳೆ ಒಂದು ಸಿ.ಡಿ. ಮಾಡಿಕೊಡ್ತೀನವ್ವ" ಎನ್ನುತ್ತಲೇ ಇದ್ದ. ಎಂಥ ನಾಳೆಯೋ, ಸುಡುಗಾಡು!

ಅಷ್ಟರಲ್ಲಿ ಆಫೀಸಿಗೆ ಎರಡನೇ ಯಂತ್ರ ಬಂತು. ಜೊತೆಗಿದ್ದ ಗುರುಪ್ರಕಾಶ ಅದನ್ನು ಜೋಡಿಸಿ, ಬೇರೆ ಕೆಲಸ ಸಿಕ್ಕಿತೆಂದು ಹೊರಟೂ ಹೋದ. ಮೊದಲ ಯಂತ್ರಕ್ಕೆ ಭೂಷಣ ಸ್ಟೋರೇಜ್ ಪೆಟ್ಟಿಗೆಯನ್ನು ಅದರ ಹೆಸರು ಕೊಟ್ಟು ಜೋಡಿಸಿದ್ದ. ಎರಡನೆಯದಕ್ಕೆ ಗುರುಪ್ರಕಾಶ ಅದೇ ಪೆಟ್ಟಿಗೆಯನ್ನು ಅದರ ನೆಟ್‌ವರ್ಕ್ ನಂಬರು ಕೊಟ್ಟು ಜೋಡಿಸಿದ. ಅವರವರ ರೂಢಿ, ಯಾರೂ ಯಾರನ್ನೂ ಕೇಳಲಿಲ್ಲ. ಒಂದೇ ಮನೆಗೆ ಒಬ್ಬ ಮುಂಬಾಗಿಲಿಂದ, ಇನ್ನೊಬ್ಬ ಹಿತ್ತಿಲಿಂದ ಹೋಗಿ ಎರಡು ಮನೆ ಎಂದ ಹಾಗಾಯಿತು. ಸಾಫ್ಟ್‌ವೇರ್ ಕೂಡ ಪರದೆಯ ಮೇಲೆ ಎರಡು ಸ್ಟೋರೇಜ್ ಪೂಲ್, ಅಂದರೆ ಫೈಲಿಡುವ ಎರಡು ಉಗ್ರಾಣ, ತೋರಿಸಿತು. ಭೂಷಣ ಇಣುಕಿದ. ಎರಡರಲ್ಲೂ ಅಕ್ಕನ ಹಾಡಿತ್ತು. ಗುರುಪ್ರಕಾಶ ಎಲ್ಲದಕ್ಕೂ ಒಂದು ಕಾಪಿ ಮಾಡಿಟ್ಟಿದ್ದಾನೆ ಎಂದುಕೊಂಡು ಹಿಗ್ಗಿದ.

ಅಕ್ಕನ ವರ್ಷದ ಕಾರ್ಯ ಬಂತು. ತೀರಿಕೊಂಡವರ ಸಾಮಾನನ್ನು ಅಂದು ಕೊಟ್ಟುಬಿಡುವುದು ಅವರ ಮನೆಯ ನಡಾವಳಿ. ಸೀರೆಗಳು ಹೋದವು. ಟೇಪ್‌ರೆಕಾರ್ಡರು ಯಡಿಯೂರಿನ ಭಜನೆ ಮುದ್ದಯ್ಯನ ಪಾಲಾಯಿತು. ಲಕ್ಷ್ಮೀದೇವಮ್ಮ ಕ್ಯಾಸೆಟ್ಟನ್ನು ಮಾತ್ರ ಸೆರಗಿನಲ್ಲಿ ಒತ್ತಿ ಹಿಡಿದಳು. "ಇದೊಂದು ಬ್ಯಾಡ ಕಣೋ."

"ಕೊಡವ್ವ, ಅವಳ್ದು ಅಂತ ಏನೂ ಇಟ್ಕೋಬಾರ್ದು ಅಂದೋಳು ನೀನೇ ಅಲ್ವ. ಆಫೀಸಲ್ಲಿ ಒಂದಲ್ಲ, ಎರಡೈತೆ."

ಮಗನ ಮಾತು ನಂಬಿ ಕೊಟ್ಟಳು. ಟೇಪ್‌ರೆಕಾರ್ಡರಿನ ಜೊತೆ ಅದೂ ಮುದ್ದಯ್ಯನ ಕೈ ಸೇರಿತು.

ಮುಂದೆ ಪೆಟ್ಟಿಗೆ ತುಂಬಿಬಂತು. ಜಾಗವಿಲ್ಲವೆಂದು ಯಂತ್ರಗಳು ತಕರಾರು ತೆಗೆದವು. ಮಾಲೀಕರು ಚನ್ನಬಸವಯ್ಯನವರು, "ಏನ್ರೀ ಮಾಡ್ತಾ ಇದೀರಿ?" ಎಂದು ಕೂಗಾಡಿದರು. ಭಾನುವಾರ ಭೂಷಣ ಯಂತ್ರಗಳನ್ನೆಲ್ಲ ನಿಲ್ಲಿಸಿ ಎರಡನೇ ಪೂಲ್ ತೆರೆದ. ಒಂದರಲ್ಲಿ ಖಾಲಿ ಫೈಲು ಇಟ್ಟು ಇನ್ನೊಂದರಲ್ಲಿ ಇಣುಕಿದ್ದರೆ ಗುಟ್ಟು ಬಯಲಾಗುತ್ತಿತ್ತು. ಪುಣ್ಯಾತ್ಮನಿಗೆ ಅದು ಹೊಳೆಯಲೇ ಇಲ್ಲ. ಕಾಪಿ ತಾನೆ ಎಂದು ಎಲ್ಲವನ್ನೂ ಅಳಿಸಿದ. ಮೊದಲನೆಯದನ್ನು ತೆರೆದರೆ ಅದೂ ಖಾಲಿ! ಆಗ ಖಾಲಿ ಫೈಲು ಇಟ್ಟು ನೋಡಿದ. ಅದು ಎರಡೂ ಕಡೆ ಕಾಣಿಸಿತು.

ಗಿರಾಕಿಗಳ ಫೈಲುಗಳೆಲ್ಲ ಬ್ಯಾಕಪ್ ಟೇಪಿನಲ್ಲಿದ್ದವು. ಮನೆಯ ಹಾಡನ್ನು ಆಫೀಸಿನ ಟೇಪಿಗೆ ಹಾಕುವುದು ತಪ್ಪೆಂದು ಅವನೇ ಬಿಟ್ಟಿದ್ದ. ಪೆಟ್ಟಿಗೆಯನ್ನು ಹಾಗೇ ಮುಟ್ಟದೆ ಇಟ್ಟು ಬೆಂಗಳೂರಿನ ತಜ್ಞರ ಬಳಿಗೆ ಒಯ್ದರೆ ಅಳಿಸಿದ್ದು ಸಿಕ್ಕರೂ ಸಿಗಬಹುದಿತ್ತು. ಆದರೆ ಬೆಳಗಾದರೆ ಲ್ಯಾಬಿನ ಬಾಗಿಲಲ್ಲಿ ರೋಗಿಗಳು ರಿಪೋರ್ಟಿಗೆ ನಿಲ್ಲುತ್ತಾರೆ, ಇರುವುದು ಅದೊಂದೇ ಪೆಟ್ಟಿಗೆ. ಅಕ್ಕನ ಕಾಮಾಲೆಯ ರಿಪೋರ್ಟಿಗೆ ತಾನೂ ಹಾಗೇ ಕಾದು ನಿಂತದ್ದು ನೆನಪಾಯಿತು. ಟೇಪ್ ಹಾಕಿ ಗುಂಡಿ ಒತ್ತಿದ. ಅಕ್ಕನ ಹಾಡಿದ್ದ ಜಾಗದ ಮೇಲೆ ಊರವರ ರಕ್ತದ ಲೆಕ್ಕ ತುಂಬುತ್ತಾ ಹೋಯಿತು. ಭೂಷಣ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ಕೆಲಸ ಮುಗಿದದ್ದೇ ಯಡಿಯೂರಿಗೆ ಓಡಿದ. ಮುದ್ದಯ್ಯ ಸಂಭ್ರಮದಿಂದ ಟೇಪ್‌ರೆಕಾರ್ಡರು ಹಚ್ಚಿದ. "ಚೆಂದಾಗ್ ಕೇಳ್ತದೆ ಬುದ್ಧಿ. ನೀವ್ ಕೊಟ್ಟ ಕ್ಯಾಸೆಟ್ಗೇ ನಮ್ ಭಜನೆ ತುಂಬಿಸ್ದೋ, ಎರಡೂ ಮಗ್ಗುಲು." ಅವನನ್ನು ಬೈಯಲು ಯಾವ ಬಾಯಿ? ಭೂಷಣ ಕೊನೆಯವರೆಗೂ ಭಜನೆ ಕೇಳಿ, ಕೈಮುಗಿದು ಎದ್ದ.

ಸೋಮವಾರ ಲಕ್ಷ್ಮೀದೇವಮ್ಮ ವಿಭೂತಿ ಇಟ್ಟುಕೊಂಡು ಬಂದಳು. ಹೆಡ್‌ಫೋನನ್ನು ತಾನೇ ತಲೆಗೆ ಏರಿಸಿಕೊಂಡಳು. ಭೂಷಣ ಅವಳ ಕಾಲ ಬಳಿ ಕೂತ.

"ಅವ್ವ, ಅಕ್ಕನ ಹಾಡು ಹೋಯ್ತು. ನಾನೇ ಅಳಿಸ್ಬುಟ್ಟೆ."

ಅವಳು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಮಗನ ತಲೆ ಸವರಿದಳು. "ಅಯ್ಯೋ, ಅದಕ್ಯಾಕ್ಲಾ ಅಳ್ತೀಯ? ಹೋದ್ರೆ ಹೋಯ್ತು ಬುಡು. ಇನ್ನೊಂದೈತಲ್ಲ, ಅದನ್ನ ಹಾಕು."

ಭೂಷಣನಿಗೆ ತಲೆ ಎತ್ತಲಾಗಲಿಲ್ಲ. ಅವಳು ಹೆಡ್‌ಫೋನನ್ನು ಮತ್ತೆ ಸರಿಯಾಗಿ ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕಾಯತೊಡಗಿದಳು.