ಸೂಜಿಯ ಚಪ್ಪಟೆ ಬದಿ

ಮನೆಯ ಜಗಲಿಯಲ್ಲಿ ನಾನು ರಿಪೇರಿ ಕೆಲಸ ಮಾಡುವ ಹಲಗೆಯ ಮೇಲೆ ಬೋರಲಾಗಿ ಬಿದ್ದಿದ್ದ ಫೋನು ಅಂದು ಬೆಳಗಿನಿಂದ ಗುರುಗುಡುತ್ತಲೇ ಇತ್ತು. ಬೋರಲಿಟ್ಟವನು ನಾನೇ.

ಹೊಲಿಗೆ ಮಷೀನು ರಿಪೇರಿ ಮಾಡುವವರ ಗುಂಪೊಂದು ಅದರೊಳಗಿತ್ತು. ಊರೂರಿನ ಇನ್ನೂರು ಮಂದಿ. ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅಕ್ಷರ ಕೂಡಿಸಿ ಓದುತ್ತಿದ್ದೆ, ಉತ್ತರವನ್ನು ಬಾಯಿಂದ ಹೇಳಿ ಕಳಿಸುತ್ತಿದ್ದೆ. ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಅವರೊಂದು ರೂಢಿ ಮಾಡಿಕೊಂಡಿದ್ದರು. ಹೊಸಬರು ಏನಾದರೂ ಕೇಳಿದರೆ ನಾನು ಬಾಯಿ ಬಿಡುವ ತನಕ ಯಾರೂ ಉತ್ತರ ಹೇಳುತ್ತಿರಲಿಲ್ಲ. ಅಲ್ಲಿಯವರೆಗೆ ಚೇಷ್ಟೆ ನಡೆಯುತ್ತಿತ್ತು.

ಕೆಳಗಿನ ದಾರ ಮೇಲೆ ಬರುತ್ತಿಲ್ಲ, ಹೊಲಿಗೆ ಕೂಡುತ್ತಿಲ್ಲ, ಏನು ಮಾಡಲಿ ಎಂದು ಅಂದು ಯಾರೋ ಹೊಸಬರು ಕೇಳಿದ್ದರು. ಮಡಿವಾಳಪ್ಪನೆಂಬವನು ಕತ್ತೆಯ ಚಿತ್ರ ಹಾಕಿದ. "ಕುಂಕುಮ ಹಚ್ಚಿ ಕೈ ಮುಗೀರಿ, ಕೂಡತೈತಿ" ಎಂದ ಇನ್ನೊಬ್ಬ. ಸೂಜಿ ಹಿಂದುಮುಂದಾಗಿ ಕೂತಿದೆಯೆಂದು ನನಗೆ ಓದಿ ಮುಗಿಸುವಷ್ಟರಲ್ಲೇ ತಿಳಿದಿತ್ತು. ಆದರೆ ಅದನ್ನೇ ಹೇಳಿ ಹೇಳಿ ದವಡೆ ಸೋತಿತ್ತು. ಬೇರೆ ಯಾರಾದರೂ ಹೇಳಲಿ ಎಂದು ಫೋನು ಮಗುಚಿಟ್ಟೆ.

ಮೂರನೆಯ ದಿನ ಒಬ್ಬ ಹೆಣ್ಣುಮಗಳು ದುಪ್ಪಟಿಯಲ್ಲಿ ಸುತ್ತಿದ ಮಷೀನನ್ನು ಏದುಸಿರು ಬಿಡುತ್ತ ತಂದು ನನ್ನ ಮುಂದಿಳಿಸಿದಳು. ಹೆಸರು ದ್ರಾಕ್ಷಾಯಣಿ. ಆರು ಮಂದಿ ಹೆಂಗಸರು ಕೂಡಿ ಕೊಂಡ ಮಷೀನು ಅದು. ರಿಪೇರಿ ತಾನೇ ಕಲಿಯುವುದಾಗಿ ಇವಳು ಹೊಣೆ ಹೊತ್ತಿದ್ದಳು.

"ನಾಳೆ ಎಲ್ಲಾರೂ ಕೂಡ್ತಾರ್ರಿ ಕಾಕಾ. ಇದು ನಡೀಲಿಲ್ಲಂದ್ರ ನನ್ನ ಜಾಗಕ್ಕ ಬ್ಯಾರೆಯವರು ಬರ್ತಾರ."

ಬಿಚ್ಚಿ ನೋಡಿದೆ. ಸೂಜಿಯ ಚಪ್ಪಟೆ ಬದಿ ತಪ್ಪು ಕಡೆಗಿತ್ತು. ಅಷ್ಟೇ ಆಗಿದ್ದರೆ ಒಂದು ಗಳಿಗೆಯ ಕೆಲಸ. ಕೆಳಗೆ ದಾರ ಹಿಡಿಯುವ ಶಟಲಿನ ಮೂತಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಲಾಗಿತ್ತು.

"ಇದನ್ನ ಯಾರು ಉಜ್ಜಿದ್ರವ್ವ?"

"ನಾನ ರೀ. ದಾರ ಅಲ್ಲೇ ತೊಡಕತೈತಿ ಅನ್ಕೊಂಡೆ. ಫೋನಿನ ಗುಂಪಿನ್ಯಾಗ ಕೇಳಿದ್ದೆ, ನನ್ನ ಕತ್ತೆ ಮಾಡಿ ಕೂಡಿಸಿದ್ರು. ಎರಡು ದಿನ ಕಾದೆ. ಆಮ್ಯಾಲ ತಿಳಿದಂಗ ಮಾಡಿದೆ."

ನನ್ನ ಸ್ವಂತ ಮಷೀನಿನ ಶಟಲು ಬಿಚ್ಚಿ ಅವಳದಕ್ಕೆ ಕೂಡಿಸಿದೆ. ಸೂಜಿಯನ್ನು ಅವಳ ಕೈಯಿಂದಲೇ ತಿರುಗಿಸಿ ಹಾಕಿಸಿದೆ. ತುಂಡು ಬಟ್ಟೆಯ ಮೇಲೆ ಹೊಲಿಗೆ ಒಂದೇ ಸಮನೆ ಬಿತ್ತು. ಅವಳ ಮುಖ ಅರಳಿತು. ನಾನು ಸುಮ್ಮನಿದ್ದಿದ್ದರೆ ಹಾಗೆಯೇ ಹೋಗುತ್ತಿದ್ದಳು.

"ಆ ಗುಂಪಿನ್ಯಾಗ ನಾನೂ ಅದೀನವ್ವ" ಎಂದೆ.

ಅವಳು ಬಟ್ಟೆಯಿಂದ ಕಣ್ಣೆತ್ತಿದಳು. "ನಾ ಕೇಳಿದ್ದು ನೋಡಿದ್ರೇನು?"

"ನೋಡಿದ್ದೆ."

"ಗೊತ್ತಿತ್ತೇನು?"

"ಗೊತ್ತಿತ್ತು. ಬ್ಯಾಸರಾಗಿತ್ತು."

ಅವಳು ದುಪ್ಪಟಿಯನ್ನು ಮತ್ತೆ ಬಿಗಿಯಾಗಿ ಸುತ್ತಿದಳು. "ನೀವು ನೂರು ಸಲ ಹೇಳಿರಬೇಕು ಕಾಕಾ. ನಾ ಕೇಳಿದ್ದು ಒಂದ ಸಲ."

ಗುಂಪು ಬಿಡಬೇಡ ಎಂದೆ. "ಆಗಲೇ ಬಿಟ್ಟೀನ್ರಿ" ಎಂದಳು. ಮಷೀನು ಹೊತ್ತುಕೊಂಡು ಮೆಟ್ಟಿಲಿಳಿದು ಹೋದಳು.

ಆ ಸಂಜೆ ಫೋನನ್ನು ಅಂಗಾತ ಮಾಡಿ ಹಿಡಿದು ಹೇಳಿದೆ: "ಮಡಿವಾಳಪ್ಪ, ಆ ಕತ್ತೆ ಚಿತ್ರ ನನ್ನ ಹೆಸರಿಗೆ ಹಾಕಪ್ಪ. ನಾ ಸುಮ್ಮನಿದ್ದದ್ದಕ್ಕ ಒಬ್ಬಾಕಿ ಶಟಲು ಹಾಳಾತು. ಇನ್ಮ್ಯಾಲ ನನಗ ಯಾರೂ ಕಾಯೂದು ಬ್ಯಾಡ. ಗೊತ್ತಿದ್ದವರು ಹೇಳಿಬಿಡ್ರಿ."

 

ವಾರ ಕಳೆದ ಮೇಲೆ ಮತ್ತೊಬ್ಬ ಹೊಸಬನು ಅದನ್ನೇ ಕೇಳಿದ. ಒಂದು ತಾಸಾದರೂ ಎಲ್ಲರೂ ನನ್ನನ್ನೇ ಕಾಯುತ್ತಿದ್ದರು. ರೂಢಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನನ್ನ ದಣಿವೂ ಹೋಗಿರಲಿಲ್ಲ. ಆದರೂ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಬಾರಪ್ಪ, ಮೊದಲು ಸೂಜಿ ಬಿಚ್ಚು. ಅವಸರ ಮಾಡಬ್ಯಾಡ" ಎಂದು ನಿಧಾನವಾಗಿ ಹೇಳತೊಡಗಿದೆ. ಹೊರಗೆ ಯಾರೋ ಬಂದು ಕೂತಿದ್ದಾರೆಂದು ಒಳಗಿದ್ದ ನನ್ನ ಹೆಂಡತಿಗೆ ಅನ್ನಿಸಿರಬೇಕು. ಎರಡು ಲೋಟ ಚಹಾ ತಂದು ಹಲಗೆಯ ಮೇಲಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ಒಳಗೆ ಹೋದಳು.