ಇಪ್ಪತ್ತಾರರ ಕಾವಲು

ಹಿಂದೂಪುರದ ಬಿಸಿಲಿಗೆ ಮನುಷ್ಯರು ಬೆಂದುಹೋಗಲಿ, ಕೇಳುವವರಿಲ್ಲ. ಜಯಚಂದ್ರನ ಮನೆಯಲ್ಲಿ ತಣ್ಣಗಿರಬೇಕಾದದ್ದು ಒಂದು ಗಾಜಿನ ತೊಟ್ಟಿ. ಅದರ ಉಪ್ಪುನೀರಿನಲ್ಲಿ ಜೀವಂತ ಹವಳಗಳು. ನೀರು ಇಪ್ಪತ್ತಾರು ಡಿಗ್ರಿ ಬಿಟ್ಟು ಅಲುಗಬಾರದು. ಕರೆಂಟು ಹೋದರೆ ತಣ್ಣಗಿಡುವ ಮೆಷೀನು ನಿಂತುಬಿಡುತ್ತದೆ, ಯಾರಾದರೊಬ್ಬರು ಕಾವಲಿರಲೇಬೇಕು. ಅವನೂ ಹೆಂಡತಿ ಕೃಷ್ಣವೇಣಿಯೂ ಜೊತೆಯಾಗಿ ಒಂದು ಮದುವೆ ಊಟ ಉಂಡು ವರ್ಷಗಳೇ ಆದವು. ಇಷ್ಟಪಟ್ಟು ಕಟ್ಟಿಕೊಂಡ ಕರ್ಮ, ಯಾರ ಹತ್ತಿರ ಹೇಳಿಕೊಳ್ಳುವುದು!

ಅವನ ತಾಯಿ ಮುನಿಯಕ್ಕ ಸೋಮಂದೇಪಲ್ಲಿಯಿಂದ ಬಂದು ತಿಂಗಳಾಗಿತ್ತು. ಅಲ್ಲಿ ದೊಡ್ಡ ಮಗ ರೇಷ್ಮೆಹುಳ ಸಾಕುವುದನ್ನು ಬಿಟ್ಟು, "ಇನ್ನು ಸುಮ್ನೆ ಕೂತ್ಕೊಳಮ್ಮ" ಅಂದಿದ್ದ. ಸುಮ್ಮನೆ ಕೂರುವುದೆಂದರೆ ಅವಳಿಗೆ ಅರ್ಧ ಸತ್ತ ಹಾಗೆ. ಇಲ್ಲಿ ಉಪಯೋಗಕ್ಕೆ ಬಂದರೆ ಉಳಿಯಬಹುದು, ಇಲ್ಲವೆಂದರೆ ಮತ್ತೆ ಅದೇ ಮೂಲೆ. ಅದಕ್ಕೇ ಕಲ್ಯಾಣದುರ್ಗದಲ್ಲಿ ಕೃಷ್ಣವೇಣಿಯ ತಮ್ಮನ ಗೃಹಪ್ರವೇಶ ಬಂದಾಗ ತಾನೇ ಬಾಯಿ ಹಾಕಿದಳು.

"ಇಬ್ರೂ ಹೋಗ್ಬನ್ನಿ ಕಣಪ್ಪ. ನಾನಿಲ್ವಾ? ಹುಳಕ್ಕೂ ಇಷ್ಟೇ ಕಾವು ಬೇಕು."

"ಕರೆಂಟ್ ಹೋದ್ರೆ, ಅತ್ತಮ್ಮಾ?" ಅಂದಳು ಕೃಷ್ಣವೇಣಿ.

"ಹೋದ್ರೆ ಹೋಗ್ಲಿ ಬಿಡಮ್ಮ. ನಮ್ಮೂರಿಗೆ ಕರೆಂಟ್ ಬರೋಕ್ಕೆ ಮುಂಚೆ ಹುಳ ಸಾಕ್ದೋಳು ನಾನು."

ಅವರು ಹೋದ ದಿನವೇ ಹಾಳು ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ನೀರು ತಿರುಗಿಸುವ ಪಂಪು, ಒಂದು ಫ್ಯಾನು ಬಿಟ್ಟರೆ ಬೇರೇನೂ ನಡೆಯದು. ತೊಟ್ಟಿಯ ಮೇಲಿನ ಕೆಂಪು ಅಂಕಿ ಇಪ್ಪತ್ತೆಂಟಕ್ಕೆ ಏರಿತು. ಮುನಿಯಕ್ಕ ಹೆದರಲಿಲ್ಲ. ಹುಳದ ಮನೆಯಲ್ಲಿ ಮಾಡುವಂತೆ ಗೋಣಿತಾಟು ನೆನೆಸಿ, ತೊಟ್ಟಿಯ ಮೇಲಕ್ಕೇ ಇಳಿಬಿಟ್ಟು, ಫ್ಯಾನು ತಿರುಗಿಸಿದಳು. ಹುಳಕ್ಕೆ ರೋಗ ತಗಲಬಾರದೆಂದು ತಾಟು ನೆನೆಸುವ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸುವುದು ಅವಳ ರೂಢಿ. ಬಚ್ಚಲಲ್ಲಿ ಡಬ್ಬಿಯಿತ್ತು, ಕೈ ತಾನಾಗಿಯೇ ಹೋಯಿತು. ತಾಟು ತೊಟ್ಟಿಕ್ಕುತ್ತಿತ್ತು, ಅವಳು ಅಂಕಿಯನ್ನೇ ನೋಡುತ್ತಿದ್ದಳು. ಸಂಜೆಗೆ ಇಪ್ಪತ್ತಾರಕ್ಕೆ ಇಳಿಯಿತು.

ಜಯಚಂದ್ರ ಫೋನು ಮಾಡಿದ. "ಎಷ್ಟೈತಮ್ಮ?"

"ಇಪ್ಪತ್ತಾರು. ನೀನು ಹೊಟ್ಟೆ ತುಂಬ ಉಣ್ಣು, ಹೋಗು."

ಅಷ್ಟು ಹೊತ್ತಿಗೆ ಹವಳಗಳು ಮುದುಡಿಕೊಂಡಿದ್ದವು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗದೆ ಕೂರುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಯಾರೂ ಮುಟ್ಟಬಾರದು, ಸದ್ದು ಮಾಡಬಾರದು. 'ಜ್ವರಕ್ಕೆ ಕೂತವೆ, ಪಾಪ' ಅಂದುಕೊಂಡು ಅವಳು ಪಾತ್ರೆ ಕೂಡ ತೊಳೆಯದೆ, ತಾಟು ಒಣಗಿದಾಗಲೆಲ್ಲ ಮತ್ತೆ ನೆನೆಸುತ್ತ, ಸೊಂಟ ಬಿದ್ದುಹೋಗುವಷ್ಟು ಕೂತಳು.

ಬೆಳಗ್ಗೆ ಬಂದ ಜಯಚಂದ್ರ ಬಾಗಿಲಲ್ಲೇ ಮೂಗು ಹಿಡಿದುಕೊಂಡ. ತೊಟ್ಟಿಯ ನೀರು ಕದಡಿತ್ತು. ಹವಳಗಳ ಮೇಲಿನ ಮಾಂಸ ಲೋಳೆಯಾಗಿ ಕಳಚಿ ತೇಲುತ್ತಿತ್ತು. ಅವನು ತಾಟನ್ನು ಮೂಸಿದ.

"ಇದಕ್ಕೇನು ಹಾಕ್ದೆಯಮ್ಮ?"

"ಬ್ಲೀಚಿಂಗ್ ಪುಡಿ. ಯಾಕಪ್ಪ?"

ಅವನು ತಾಟನ್ನು ಕಿತ್ತು ಬಚ್ಚಲಿಗೆ ಎಸೆದ. ಕೃಷ್ಣವೇಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುನಿಯಕ್ಕ ಆಗ ತೊಟ್ಟಿಯಲ್ಲಿ ತೇಲುತ್ತಿದ್ದ ಲೋಳೆಯನ್ನು ಬಗ್ಗಿ ನೋಡಿದಳು.

"ಜ್ವರ ಅಂದ್ಕೊಂಡ್ಬುಟ್ಟೆ ಕಣಪ್ಪ. ಅಯ್ಯೋ, ನನ್ ಕೈ ಸೇದೋಗ! ಬೈದ್ಬುಡು ನನ್ನ. ಸೋಮಂದೇಪಲ್ಲಿ ಬಸ್ಸಿಗೆ ಹತ್ತಿಸ್ಬುಡು."

ಜಯಚಂದ್ರ ಕುರ್ಚಿಯಲ್ಲಿ ಕುಸಿದ. ಬೈಯುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

"ಎಷ್ಟೋ ವರ್ಷ ಆದ್ಮೇಲೆ ನಿನ್ನೆ ನಿದ್ದೆ ಮಾಡ್ದೆ ಕಣಮ್ಮ," ಅಂದ. "ಮನೇಲಿ ಅಮ್ಮ ಅವ್ಳೆ ಅಂತ ಫೋನ್ ಕೂಡ ಆಫ್ ಮಾಡ್ಬುಟ್ಟಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಮುನಿಯಕ್ಕ ನೆಲದ ಮೇಲೆ ಕೂತು ಗೊಳೋ ಅಂತ ಅತ್ತಳು. ಸಾಕಾಗಿ ಕಣ್ಣೊರೆಸಿಕೊಂಡು ನೋಡಿದರೆ, ಮಗ ಕೂತಲ್ಲೇ ನಿದ್ದೆ ಹೋಗಿದ್ದ.

"ಎದ್ದೇಳಿ ಅತ್ತಮ್ಮಾ," ಕೃಷ್ಣವೇಣಿ ಪಿಸುಗುಟ್ಟಿದಳು. "ಬಸ್ಸೂ ಇಲ್ಲ, ಏನೂ ಇಲ್ಲ. ಅವ್ರು ಏಳೋದ್ರೊಳಗೆ ನಾವಿಬ್ರೇ ತೊಟ್ಟಿ ಖಾಲಿ ಮಾಡಾಣ."

ಮುನಿಯಕ್ಕ ಬಕೆಟ್ಟು ತಂದು, ಮಗನಿಗೆ ಎಚ್ಚರವಾಗದ ಹಾಗೆ ಸತ್ತ ನೀರನ್ನು ತುಂಬಿ ತುಂಬಿ ಬಚ್ಚಲಿಗೆ ಹೊತ್ತಳು.